ನಲವತ್ತೊಂದನೇ ಪುಟದ ಬೇಳೆ

ಜೂನ್ 18, ಮಂಗಳವಾರ

ಇವತ್ತು ಬೇಳೆ ತಳ ಹತ್ತಿತು. ಅದೂ ಎರಡು ಸಲ. ತಲೆ ಬೇರೆ ಕಡೆ ಇದ್ದರೆ ಹೀಗೇ. ರೊಟ್ಟಿ ಬಡಿಯಲು ಹನಮವ್ವ ಇದ್ದಳು, ಬಚಾವಾದೆ.

"ಉಂಡು ಬರ್ರಿ" ಗೈಡಿನ ಸದಾಶಿವ ಬಂದಿದ್ದ. ವರ್ಷಕ್ಕೊಂದು ಸಲ ಬೆಳಗಾವಿಯಿಂದ ಬರುತ್ತಾನೆ, ಉಣ್ಣುತ್ತಾನೆ, ದುಡ್ಡು ಕೊಟ್ಟೇ ಹೋಗುತ್ತಾನೆ. ಅದೊಂದು ಮೆಚ್ಚಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿ — ಮೂರು ತಾಲೂಕಿನ ಬಾರು, ಧಾಬಾ, ಖಾನಾವಳಿ ಎಲ್ಲ ಆ ಪುಸ್ತಕದಲ್ಲಿವೆ. ಮೂರು ವರ್ಷದಿಂದ ನಮ್ಮ ಸೀತಾಬಾಯಿ ಖಾನಾವಳಿಯೂ ಇದೆ. ನಾಲ್ಕೇ ಸಾಲು. ಹುಕ್ಕೇರಿ ಬಸ್ ಸ್ಟ್ಯಾಂಡ್ ಬಾಜೂ. ಜೈನ ಅಡುಗೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲ. ಹೊತ್ತು ಮುಳುಗಿದ ಮೇಲೆ ಊಟ ಸಿಗುವುದಿಲ್ಲ.

ಆ ನಾಲ್ಕು ಸಾಲು ಓದಿಯೇ ಕೊಲ್ಹಾಪುರ, ಸಾಂಗ್ಲಿ ಕಡೆಯ ಯಾತ್ರೆ ಬಸ್ಸುಗಳು ನಮ್ಮಲ್ಲಿ ನಿಲ್ಲತೊಡಗಿದ್ದು. ಹಿಡಕಲ್ ಡ್ಯಾಮು ನೋಡಿ ವಾಪಸಾಗುವ ನಮ್ಮ ಜೈನ ಮಂದಿಯೂ ಬರುತ್ತಾರೆ. ಅತ್ತೆ ಇದ್ದಿದ್ದರೆ ಎಷ್ಟು ಹಿಗ್ಗುತ್ತಿದ್ದರೋ. ಬೋರ್ಡಿನ ಮೇಲೆ ಹೆಸರು ಅವರದು, ಒಲೆ ಮುಂದೆ ಮೈ ನನ್ನದು.

ಈ ವರ್ಷ ಹೊಸದೊಂದು ಶುರು ಮಾಡಿದ್ದಾರಂತೆ. ಗುಣಮಟ್ಟ ಪ್ರಶಸ್ತಿ. ಸ್ಪಾನ್ಸರ್ ಯಾರೋ ಮಸಾಲಾ ಕಂಪನಿ. ಅದರ ಹೆಸರು ಬರೆದು ಈ ಹಾಳೆ ಹೊಲಸು ಮಾಡುವುದಿಲ್ಲ.

"ಯಾವ ಮಸಾಲಾರಿ ಅವರದು?" ಅಂದೆ.

"ಕಾಂದಾ-ಲಸೂಣ್ ರಿ ಅಕ್ಕಾರ. ಭಾಳ ಫೇಮಸ್ ಐತಿ."

ನಕ್ಕುಬಿಟ್ಟೆ. ಉಳ್ಳಾಗಡ್ಡಿ-ಬಳ್ಳೊಳ್ಳಿ ಮಾರುವವರು ಜೈನರ ಒಲೆಗೆ ಪ್ರಶಸ್ತಿ ಕೊಡುತ್ತಾರಂತೆ! ಸದಾಶಿವ ನಗಲಿಲ್ಲ.

"ಗೈಡಿನ ಲಿಸ್ಟ್ ಬ್ಯಾರೆ, ಪ್ರಶಸ್ತಿ ಬ್ಯಾರೆ, ಸ್ಪಾನ್ಸರ್ ಬ್ಯಾರೆ. ಒಂದಕ್ಕೊಂದ ಸಂಬಂಧಾನ ಇಲ್ರಿ."

ಬೇರೆ ಬೇರೆಯಾಗಿದ್ದರೆ ಮೂರೂ ನಿನ್ನ ಒಂದೇ ಬ್ಯಾಗಿನಿಂದ ಯಾಕೆ ಹೊರಗೆ ಬಂದವು ಅಂತ ಕೇಳಬೇಕಿತ್ತು. ಅಷ್ಟರಲ್ಲಿ ಬೇಳೆ ತಳ ಹತ್ತಿದ ವಾಸನೆ ಬಂತು.


ಜುಲೈ 3, ಬುಧವಾರ

ಎರಡು ದೊಡ್ಡ ಡಬ್ಬ ಬಂದು ಕೂತಿವೆ. ಒಳಗೆ ಮಸಾಲೆ ಪಾಕೀಟುಗಳು. ಇವರೇ ಫೋನ್ ಮಾಡಿ ತರಿಸಿದ್ದು. ನನ್ನ ಗಂಡ, ಅರಿಹಂತ. ನನ್ನನ್ನು ಒಂದು ಮಾತು ಕೇಳಲಿಲ್ಲ.

"ಏ ಭಕ್ತಿ, ಫೋಟೋಕ್ಕಷ್ಟ. ಪಾಕೀಟ ಕೈಯಾಗ ಹಿಡಕೊಂಡ ಒಂದ ಫೋಟೋ. ಪ್ರಶಸ್ತಿ ಬಂದ್ರ ಪೂರ್ತಿ ಪುಟ ಕೊಡ್ತಾರ. ಈಗ ನಾಕ ಸಾಲ ಅಷ್ಟ ಐತಿ."

"ನಾಕ ಸಾಲಿಗೆ ಬಸ್ ನಿಲ್ಲಾಕತ್ತಾವಲ್ರಿ. ಪೂರ್ತಿ ಪುಟಕ್ಕ ಏನ ರೈಲ್ ನಿಲ್ತೈತೇನು?"

ಸಿಟ್ಟು ಬಂತು ಅವರಿಗೆ. ಬರಲಿ. ನನ್ನದೇನು ಕಡಿಮೆ ಇದೆಯೇ? ದನಿ ಏರಿತು, ಉಣ್ಣುತ್ತಿದ್ದ ಗಿರಾಕಿಗಳು ತಲೆ ಎತ್ತಿ ನೋಡಿದರು. ಕೊನೆಗೆ ಗಲ್ಲಾದ ಮೇಲೆ ಕೂತಿದ್ದ ಮಾವನವರೇ ಬಾಯಿ ಬಿಟ್ಟರು. ತವನಪ್ಪ ಸಾವಕಾರರು ಮಾತಾಡುವುದು ಅಪರೂಪ. ಆಡಿದರೆ ಅದೇ ತೀರ್ಪು.

"ಡಬ್ಬಾ ಹೊರಗ ಇರ್ಲಿ. ಅಡಿಗಿಮನಿ ಹೊಸ್ತಿಲಾ ದಾಟಬಾರದು. ಪಾಕೀಟ ಒಡೀಬಾರದು. ಇಂದ್ರವ್ವನಂಥಾ ನಿಯಮದ ಮಂದಿ ನಮ್ಮನ್ನ ನಂಬಿ ಉಣ್ತಾರ."

ಇವರು ಹೂಂ ಅಂದರು. ಅಪ್ಪನ ಮುಂದೆ ಹೂಂ, ಹಿಂದೆ ಗೊಣಗು.

ಇಂದ್ರವ್ವ ಆಯಿ ನಮ್ಮ ಓಣಿಯವರೇ. ಹರೆಯದಲ್ಲೇ ಮುನಿ ಮಹಾರಾಜರ ಮುಂದೆ ನಿಯಮ ತಗೊಂಡವರು. ಗಡ್ಡೆ ಗೆಣಸು, ಉಳ್ಳಾಗಡ್ಡಿ, ಬಳ್ಳೊಳ್ಳಿ ಸಾಯುವ ತನಕ ಬಾಯಿಗಿಡುವುದಿಲ್ಲ ಅಂತ. ಬೇರೆಯವರ ಕೈಯಿಂದ ನೀರು ಕೂಡ ಮುಟ್ಟುತ್ತಿರಲಿಲ್ಲ. ಕೈ ಮುರಿದ ಮೇಲೆ ನಮ್ಮ ಮಧ್ಯಾಹ್ನದ ಡಬ್ಬಿ ಒಂದೇ ಅವರ ಊಟ. "ಸೀತಾಬಾಯಿ ಒಲಿ ಅಂದ್ರ ನನ್ನ ಒಲಿ ಇದ್ದಂಗ" ಅಂದಿದ್ದರು, ಮೊದಲ ದಿನ.


ಜುಲೈ 11, ಗುರುವಾರ

ಕಲ್ಲೋಳಿಗೆ ಹೊರಟೆ. ಅಣ್ಣನ ಮಗುವಿನ ತೊಟ್ಟಿಲು. ಇಂಗು, ಜೀರಿಗೆ ಎಲ್ಲಿದೆ, ಯಾವ ಬೇಳೆ ಮೊದಲು ಹಾಕಬೇಕು ಎಲ್ಲ ಹನಮವ್ವನಿಗೆ ಹೇಳಿಯಾಯಿತು. ಡಬ್ಬಗಳು ಗಲ್ಲಾದ ಹಿಂದೆ ಇವೆ. ಹೋಗುವಾಗ ಒಂದು ಸಲ ನೋಡಿದೆ. ಬಾಯಿಗೆ ಅಂಟಿಸಿದ ಪಟ್ಟಿ ಹಾಗೇ ಇದೆ.


ಜುಲೈ 17, ಬುಧವಾರ

ವಾಪಸ್. ಬಸ್ಸಿನಲ್ಲಿ ಕೂತು ಕೂತು ಸೊಂಟ ಹೋಗಿದೆ. ಇಲ್ಲಿ ಎಲ್ಲ ಸುಸೂತ್ರ. ರವಿವಾರ ಫೋಟೋದವರು ಬಂದು ಹೋದರಂತೆ. ಅವತ್ತೇ ಸಾಂಗ್ಲಿಯ ಯಾತ್ರೆ ಬಸ್ಸೂ ಬಂದಿತ್ತಂತೆ. ಮಂದಿ ಬೇಳೆ ಹೊಗಳಿದರಂತೆ.

"ಪಾಕೀಟ?" ಅಂದೆ.

"ಕೈಯಾಗ ಹಿಡದೆ, ಕೆಳಗ ಇಟ್ಟೆ. ಸಾಕಿಲ್ಲೋ ಇನ್ನ?" ಅಂದರು ಇವರು.

ಸಾಕು. ಬಹಳ ದಿನದ ಮೇಲೆ ಇಬ್ಬರೂ ಜಗಳವಿಲ್ಲದೆ ಚಹಾ ಕುಡಿದೆವು.


ಆಗಸ್ಟ್ 12, ಸೋಮವಾರ

ಗೈಡು ಬಂತು. ನಲವತ್ತೊಂದನೇ ಪುಟ. ಪೂರ್ತಿ ಪುಟ. ಬೆಂಕಿ ಹಚ್ಚಬೇಕು ಅದಕ್ಕೆ.

ಮೇಲೆ ಬಂಗಾರದ ಬಣ್ಣದ ಮುದ್ರೆ, ಗುಣಮಟ್ಟ ಪ್ರಶಸ್ತಿ ವಿಜೇತರು. ನಡುವೆ ಇವರ ಫೋಟೋ, ಹಲ್ಲು ಕಿರಿದುಕೊಂಡು, ಕೈಯಲ್ಲಿ ಕೆಂಪು ಪಾಕೀಟು. ಕೆಳಗೆ — ಇದ್ದದ್ದು ಇದ್ದ ಹಾಗೇ ಬರೆದಿಡುತ್ತೇನೆ — "ಸೀತಾಬಾಯಿ ಖಾನಾವಳಿಯ ಬೇಳೆಯ ರುಚಿಯ ಗುಟ್ಟು: ನಮ್ಮ ಕಾಂದಾ-ಲಸೂಣ್ ಮಸಾಲಾ!"

ಹಳೆಯ ನಾಲ್ಕು ಸಾಲು? ಇಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲ ಎಂಬ ಮಾತು? ತೆಗೆದುಹಾಕಿದ್ದಾರೆ. ಹೌದಲ್ಲ, ಅದು ಇದ್ದರೆ ಇದು ಹೇಗೆ ಕೂಡುತ್ತದೆ!

ಸದಾಶಿವನಿಗೆ ಫೋನ್ ಹಚ್ಚಿದೆ. ಬೆಣ್ಣೆಯಂಥ ಮಾತು. "ಅದು ಜಾಹೀರಾತಿನ ಭಾಷಾ ರಿ ಅಕ್ಕಾರ. ಸಂಪಾದಕೀಯ ಅಲ್ಲ."

"ಒಂದ ಪುಟದಾಗ ಯಾವ ಸಾಲ ಖರೆ, ಯಾವ ಸಾಲ ಸುಳ್ಳ ಅಂತ ಓದಾವರಿಗೆ ಹೆಂಗ ಗೊತ್ತಾಗಬೇಕ್ರಿ?"

"ಫಂಕ್ಷನ್ನಿಗೆ ಬರ್ರಿ, ಗೋಕಾಕಕ್ಕ. ಅಲ್ಲಿ ಮಾತಾಡೂಣ."

ಇವರು ಪುಸ್ತಕ ಎದೆಗೆ ಅವಚಿಕೊಂಡು ಓಣಿಯಲ್ಲಿ ತೋರಿಸುತ್ತಾ ಹೋದರು. ಕೂಗಿದೆ. ಕೇಳಿಸಲಿಲ್ಲ ಅವರಿಗೆ.


ಆಗಸ್ಟ್ 13, ಮಂಗಳವಾರ

ಇಂದ್ರವ್ವ ಆಯಿಯ ಡಬ್ಬಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬಂತು.

ಓಡಿದೆ. ಆಯಿ ಹೊಸ್ತಿಲಲ್ಲೇ ಕೂತಿದ್ದರು. ಬಸದಿಯಲ್ಲಿ ಯಾರೋ ಪುಟ ತೋರಿಸಿದ್ದಾರೆ. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ಅಚ್ಚಾಗೇತಿ ಭಕ್ತಿ. ಅರಿಹಂತನ ಫೋಟೋನೂ ಐತಿ. ನಾ ಇಷ್ಟ ದಿನಾ ಏನ ಉಂಡ್ನಿ?"

"ಸುಳ್ಳ ಆಯಿ. ಪೂರಾ ಸುಳ್ಳ. ಕಂಪನ್ಯಾವರು ಬರದಿದ್ದು."

"ಸುಳ್ಳಿದ್ರ ನಿನ್ನ ಗಂಡ ಯಾಕ ನಕ್ಕೋತ ನಿಂತಾನ?"

ಆಯಿ ಉಪವಾಸ ಹಿಡಿದಿದ್ದಾರೆ. ನೀರು ಮಾತ್ರ. ಈ ವಯಸ್ಸಿನಲ್ಲಿ. ಹಲಕಟ್ ಪುಸ್ತಕ. ಹಲಕಟ್ ಮುದ್ರೆ.


ಆಗಸ್ಟ್ 16, ಶುಕ್ರವಾರ

ಮಧ್ಯಾಹ್ನ ಒಟ್ಟು ಹನ್ನೊಂದು ಊಟ. ನಮ್ಮ ಮಂದಿ ಬೋರ್ಡು ನೋಡಿ, ಮುಖ ನೋಡಿ, ಮುಂದೆ ಹೋಗುತ್ತಾರೆ. ಬದಲಿಗೆ ಎರಡು ಹೊಸ ಹುಡುಗರು ಬಂದು "ಆ ಲಸೂಣ್ ಬ್ಯಾಳಿ ಕೊಡ್ರಿ" ಅಂದರು. ಹನಮವ್ವ ಸೌಟು ಎತ್ತಿದ್ದಳು, ನಾನೇ ತಡೆದೆ.

ಆಯಿಗೆ ನಾಲ್ಕನೇ ದಿನ. ಇನ್ನು ತಡೆಯಲು ಆಗಲಿಲ್ಲ. ಬಸದಿಗೆ ಕರೆದುಕೊಂಡು ಹೋದೆ. ಕೈ ಹಿಡಿದು ಮೆಟ್ಟಿಲು ಹತ್ತಿಸಿದೆ. ಸ್ವಾಮಿಯ ಎದುರಿಗೆ ನಿಂತು ಆಣೆ ಮಾಡಿದೆ. ಬಳ್ಳೊಳ್ಳಿ ನಮ್ಮ ಅಡುಗೆಮನೆ ಹೊಕ್ಕಿಲ್ಲ, ಹೊಕ್ಕಿದ್ದರೆ ನನ್ನ ಕೈ ಅಡುಗೆ ಯಾರಿಗೂ ಹತ್ತದೆ ಹೋಗಲಿ ಅಂತ.

ಆಯಿ ನನ್ನ ತಲೆ ಮೇಲೆ ಕೈ ಇಟ್ಟರು.

"ಅಚ್ಚಿನಕಿಂತ ಆಣಿ ದೊಡ್ಡದವ್ವಾ," ಅಂದರು. ಸಂಜೆ ಹೊತ್ತಿರುವಾಗಲೇ ಗಂಜಿ ಮಾಡಿಕೊಟ್ಟೆ. ಕುಡಿದರು. ಅತ್ತುಬಿಟ್ಟೆ, ನಾನು.


ಆಗಸ್ಟ್ 25, ರವಿವಾರ, ಗೋಕಾಕದಿಂದ ಬಂದ ಮೇಲೆ

ಬರೆಯದಿದ್ದರೆ ಈ ಸಿಟ್ಟು ಇಳಿಯುವುದಿಲ್ಲ.

ದೊಡ್ಡ ಸಭಾಂಗಣ. ಕಂಪನಿ ಬ್ಯಾನರಿನ ಮುಂದೆ ಗೈಡಿನ ಹೆಸರು ಇರುವೆಯಷ್ಟು. ಬಾಜೂ ಕುರ್ಚಿಯಲ್ಲಿ ಗೋಕಾಕದ ಬಾರಿನ ಮಾಲಿಂಗ ಅನ್ನುವವರು ಕೂತಿದ್ದರು. ಅವರಿಗೂ ಗುಣಮಟ್ಟ ಬಂದಿದೆ. ಅವರಿಗೆ ಸ್ಪಾನ್ಸರ್ ಸೋಡಾ ಕಂಪನಿ. ಮನುಷ್ಯ ಸೀದಾ, ಮುಚ್ಚುಮರೆ ಇಲ್ಲ.

"ಅವರ ಸೋಡಾ ಮುಂದ ಇಡ್ತೇನಿ ಅಂದ್ನಿರಿ, ಗುಣಮಟ್ಟ ಬಂತು. ಮುಂದಿನ ವರ್ಷ ಬ್ಯಾರೇವರದು ಇಟ್ರ ಪುಟಾನ ಇರೂದಿಲ್ಲ. ಇದರಾಗ ತಲಿ ಕೆಡಿಸ್ಕೊಳ್ಳೂದ ಏನೈತ್ರಿ ತಂಗಿ?"

"ನಿಮ್ಮ ಸೋಡಾದಿಂದ ಯಾರ ನಿಯಮಾನೂ ಮುರಿಯೂದಿಲ್ರಿ ಅಣ್ಣಾರ."

"ಮುರಿಯೂದಿಲ್ಲ ಬಿಡ್ರಿ. ನಮ್ಮಲ್ಲಿ ಬರಾವ್ರು ಮುರದ ಬಂದಿರ್ತಾರ," ಅಂದು ನಕ್ಕರು. ನನಗೂ ನಗು ಬಂತು, ಅಷ್ಟು ಸಿಟ್ಟಿನಲ್ಲೂ.

ಸದಾಶಿವನನ್ನು ವೇದಿಕೆಯ ಹಿಂದೆ ಹಿಡಿದೆ. ಮುದ್ರೆ ನಿಮಗೇ ಇರಲಿ, ನಮ್ಮ ನಾಲ್ಕು ಸಾಲು ವಾಪಸ್ ಕೊಡಿ ಅಂದೆ.

"ಹಂಗ ಬರೂದಿಲ್ರಿ. ಪ್ರಶಸ್ತಿ ಬ್ಯಾಡಂದ್ರ ಆ ಪುಟಾನ ತೆಗೀಬೇಕಾಕ್ಕೈತಿ. ಕಂಪನ್ಯಾವರು ಕೇಳೂದಿಲ್ಲ."

"ಒಂದಕ್ಕೊಂದ ಸಂಬಂಧಾನ ಇಲ್ಲಂತ ನೀವ ಹೇಳಿದ್ರಿ. ನಮ್ಮ ಖಾನಾವಳ್ಯಾಗ ಕುಂತು, ನಮ್ಮ ರೊಟ್ಟಿ ಉಣಕೋತ ಹೇಳಿದ್ರಿ."

ಅತ್ತ ಹೊರಟ. ನಾನು ಬಿಡಲಿಲ್ಲ. ಯಾತ್ರೆ ಬಸ್ಸಿನ ಏಜೆಂಟರು ಮುಂದಿನ ಸಾಲಿನಲ್ಲೇ ಕೂತಿದ್ದರು. ಫಲಕ ಕೊಡುವಾಗ ಮೈಕು ನನ್ನ ಕೈಗೆ ಬರುತ್ತದೆ, ಏನು ಹೇಳಬೇಕು ಅಂತ ನನಗೆ ಗೊತ್ತಿದೆ ಅಂದೆ. ಮುಖ ಬಿಳುಚಿತು ಅವನದು. ಒಳಗೆ ಹೋದ, ಕಂಪನಿಯವರ ಹತ್ತಿರ ಪಿಸುಗುಟ್ಟಿದ, ಬೆವರು ಒರೆಸಿಕೊಳ್ಳುತ್ತ ಬಂದ. ನೀವು ಫಲಕಕ್ಕೆ ವೇದಿಕೆ ಹತ್ತುವುದು ಬೇಡ. ಮೊಬೈಲಿನಲ್ಲಿ ಓದುವ ಗೈಡನ್ನು ನಾಳೆಯೇ ತಿದ್ದುತ್ತೇವೆ, ಅಚ್ಚಿನದಕ್ಕೆ ತಿದ್ದುಪಡಿ ಚೀಟಿ ಅಂಟಿಸುತ್ತೇವೆ ಅಂದ.

"ಆದ್ರ ನೀವ ಗಟ್ಟಿ ಹೇಳ್ಬೇಕ್ರಿ. ಆ ಮಸಾಲಾ ನಿಮ್ಮ ಅಡಿಗ್ಯಾಗ ಒಮ್ಮೆನೂ ಬಿದ್ದಿಲ್ಲೇನ್ರಿ?"

"ಒಮ್ಮೆನೂ ಇಲ್ಲ!"

ಸಭಾಂಗಣದ ಕೊನೆಯವರೆಗೂ ಕೇಳಿಸಿರಬೇಕು. ಇವರು ಪಕ್ಕದಲ್ಲೇ ನಿಂತಿದ್ದರು. ತಲೆ ತಗ್ಗಿಸಿದ್ದರು. ಫಲಕ ತಪ್ಪಿತು ಅಂತ ಬೇಜಾರು ಅಂದುಕೊಂಡೆ.


ಆಗಸ್ಟ್ 29, ಗುರುವಾರ

ತಿದ್ದಿದ್ದಾರೆ. ಮಾವನವರಿಗೆ ಮೊಬೈಲಿನಲ್ಲಿ ಓದಿ ಹೇಳಿದೆ. "ಇಲ್ಲಿನ ಅಡುಗೆಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಎಂದೂ ಬಳಸಿಲ್ಲ ಎಂದು ಮನೆಯವರು ಖಚಿತಪಡಿಸಿದ್ದಾರೆ." ಹಳೆಯ ನಾಲ್ಕು ಸಾಲೂ ಇವೆ. ಮಾವನವರು ಎರಡನೇ ಸಲ ಓದಿಸಿದರು. ಸಾಂಗ್ಲಿಯವರು ಮುಂದಿನ ತಿಂಗಳಿಗೆ ಎರಡು ಬಸ್ಸು ಹೇಳಿದ್ದಾರೆ.

ಗೆದ್ದೆ. ಹೌದು, ಗೆದ್ದೆ ಅಂತಲೇ ಬರೆಯುತ್ತೇನೆ.


ಸೆಪ್ಟೆಂಬರ್ 6, ಶುಕ್ರವಾರ

ರವಿವಾರದಿಂದ ದಶಲಕ್ಷಣ ಪರ್ವ. ಪ್ರತಿ ವರ್ಷದ ಹಾಗೆ ಇಡೀ ಅಡುಗೆಮನೆ ತೊಳೆಯುವ ದಿನ ಇವತ್ತು. ಗೋಡೆ, ಒಲೆ, ಪಾತ್ರೆ, ಎಲ್ಲ. ಇಂದ್ರವ್ವ ಆಯಿ ಹತ್ತೂ ದಿನ ಒಪ್ಪತ್ತು. ಆ ಒಪ್ಪತ್ತಿನ ಊಟ ನಮ್ಮದೇ.

ಹನಮವ್ವ ದೊಡ್ಡ ಭಗೋಣಿ ತಿಕ್ಕುತ್ತಿದ್ದಳು. ಹುಣಸೆಹಣ್ಣು ಇನ್ನಷ್ಟು ಬೇಕು ಅಂದಳು.

"ಎಷ್ಟ ತಿಕ್ಕತೀಯ? ಸ್ವಚ್ಛ ಆತಲ್ಲ."

"ಇಲ್ರಿ ಅಕ್ಕಾರ. ಅವತ್ತ ಸಣ್ಣ ಸಾವಕಾರ್ರು ಬ್ಯಾಳ್ಯಾಗ ಆ ಕೆಂಪ ಪುಡಿ ಹಾಕಿದ್ರಲ್ಲ, ಅವತ್ತಿಂದ ಇದರಾಗ ಒಂದ ನಮೂನಿ ವಾಸನಿ ಐತ್ರಿ. ಹಬ್ಬಕ್ಕ ಬ್ಯಾಡಂತ ತಿಕ್ಕಾಕತ್ತೇನಿ."

ನನ್ನ ಕೈಯಲ್ಲಿದ್ದ ಕೊಡ ಎಲ್ಲಿ ಇಟ್ಟೆನೋ ಗೊತ್ತಿಲ್ಲ.

"ಯಾವತ್ತ?"

"ನೀವ ಕಲ್ಲೋಳಿಗೆ ಹೋಗಿದ್ರಲ್ರಿ. ಫೋಟೋದವರು ಬಂದಿದ್ರು. ಪುಡಿ ಬೀಳೂದನ್ನ ವಿಡಿಯೋ ಮಾಡಬೇಕು, ಕುದಿಯೂ ಬ್ಯಾಳಿನ ಬೇಕು ಅಂದ್ರು. ಸಣ್ಣ ಸಾವಕಾರ್ರು ತಾವ ಕೈಯಾರೆ ಹಾಕಿದ್ರು. ನಾ ಖಾರಪುಡಿ ಅನ್ಕೊಂಡ್ನಿ, ಮಾಲಕರ ಹಾಕಿದ್ಮ್ಯಾಲ ಏನ ಕೇಳ್ಲಿರಿ?"

"ಆ ಬ್ಯಾಳಿ ಚೆಲ್ಲಿದ್ರಿಲ್ಲೋ?"

ಹನಮವ್ವ ನನ್ನನ್ನೇ ನೋಡಿದಳು. ಆಗ ಅರ್ಥವಾಗಿರಬೇಕು ಅವಳಿಗೆ. ಬಾಯಿಗೆ ಸೆರಗು ಅಡ್ಡ ಹಿಡಿದಳು.

"ಬಸ್ ಬಂತಲ್ರಿ ಅಕ್ಕಾರ... ಬಸ್ ತುಂಬ ಮಂದಿ. ಬ್ಯಾರೆ ಬ್ಯಾಳಿ ಇರ್ಲಿಲ್ಲ. ಬಡಿಸ್ರಿ ಅಂದ್ರು, ಬಡಿಸಿದ್ನಿ. ಆಯಿ ಡಬ್ಬೀಗೂ ಅದನ್ನ ಹಾಕಿದ್ನಿ."

ಡಬ್ಬಿಗೂ.


ಸೆಪ್ಟೆಂಬರ್ 7, ಶನಿವಾರ, ಬೆಳಿಗ್ಗೆ

ಇನ್ನು 'ಇವರು' ಅಂತ ಬರೆಯುವುದಿಲ್ಲ. ಅರಿಹಂತ.

ಅರಿಹಂತ ಒಪ್ಪಿಕೊಂಡ. ಒಂದು ಚಮಚೆಯಂತೆ. ಒಂದೇ ದಿನವಂತೆ. ಚೆಲ್ಲಬೇಕು ಅಂತಲೇ ಇದ್ದನಂತೆ, ಬಸ್ಸಿನ ಮಂದಿ ಹಸಿದು ಕೂತಿದ್ದರಂತೆ. ಎಲ್ಲಕ್ಕೂ ಅಂತೆ ಇದೆ ಅವನ ಹತ್ತಿರ.

"ನಾ ಆಣಿ ಮಾಡಿದ್ನಿ. ಸ್ವಾಮಿ ಮುಂದ. ಮನಿಗೆ ಬಂದ ಹೇಳಿದ್ರೂ ನೀವ ಅವತ್ತ ಸುಮ್ಮ ಕುಂತ್ರಿ. ಗೋಕಾಕದಾಗ ನಾ ಒದರಿದ್ನಿ, ಬಾಜೂಕ ನಿಂತಿದ್ರಿ."

"ಈಗ ಎಲ್ಲಾ ಸರಿ ಆಗೇತಲ್ಲ ಭಕ್ತಿ. ಗೈಡ್ ತಿದ್ದ್ಯಾರ. ಬಸ್ ಬರಾಕತ್ತಾವ. ಆಯಿನೂ ಉಣ್ಣಾಕತ್ತಾಳ. ಯಾರಿಗೂ ಗೊತ್ತಿಲ್ಲ. ಹೇಳಿದ್ರ ಆ ಮುದುಕಿ ಮತ್ತ ಉಪಾಸ ಬೀಳ್ತಾಳ. ಪಾಪ ನಿನಗ ಬರ್ತೈತಿ ನೋಡು."

ನೋಡಿ, ಪಾಪ ನನಗಂತೆ! ಹಾಕಿದ ಕೈ ಅವನದು, ಪಾಪ ಬಾಯಿಬಿಡುವವಳದು. ಮೈಯೆಲ್ಲ ಉರಿಯಿತು. ಕೈಗೆ ಸಿಕ್ಕ ಸೌಟನ್ನು ಗೋಡೆಗೆ ಎಸೆದೆ. ನಿನ್ನೆಯಷ್ಟೇ ತೊಳೆದ ಗೋಡೆ.

ಆದರೆ ಒಂದು ಮಾತು ಒಳಗೆ ಚುಚ್ಚುತ್ತಿದೆ. ಆಯಿ ನಿಜಕ್ಕೂ ಮತ್ತೆ ಉಪವಾಸ ಹಿಡಿದರೆ? ಏನಾದರೂ ಆದರೆ? ಹೇಳದೆ ನಾಳೆ ಡಬ್ಬಿ ಕಟ್ಟಿ ಕಳಿಸಬಹುದು. ಉಣ್ಣುತ್ತಾರೆ. ನನ್ನನ್ನು ನಂಬಿ ಉಣ್ಣುತ್ತಾರೆ.

ಇಲ್ಲ. ಆಗುವುದಿಲ್ಲ ನನ್ನಿಂದ.

ಮೊದಲು ಮಾವನವರಿಗೆ ಹೇಳಿದೆ. ಗಲ್ಲಾದ ಮೇಲೆ ಕೈಯಿಟ್ಟುಕೊಂಡು ಕೇಳಿದರು. ಮಗನ ಕಡೆ ತಿರುಗಿಯೂ ನೋಡಲಿಲ್ಲ.

"ಅವತ್ತ ನಾನೂ ಉಂಡೇನವ್ವಾ," ಅಂದರು. "ಬ್ಯಾರೆ ಅನಿಸ್ತು. ನೀ ಊರಾಗಿಲ್ಲ, ಹನಮವ್ವ ಇಂಗ ಹೆಚ್ಚ ಹಾಕ್ಯಾಳ ಅನ್ಕೊಂಡ್ನಿ. ಇಂದ್ರವ್ವನೂ ಮರದಿನ ಬಸದ್ಯಾಗ ಹಂಗ ಅಂದ್ಳು. ಇಬ್ಬರೂ ನಕ್ವಿ."

ಹುಟ್ಟಿದಾಗಿನಿಂದ ಇಂಗಿನ ಒಗ್ಗರಣೆ ಉಂಡವರು. ಬಳ್ಳೊಳ್ಳಿ ಬಾಯಿಗೆ ಬಂದರೆ ಇಂಗು ಅಂದುಕೊಳ್ಳದೆ ಇನ್ನೇನು ಅಂದುಕೊಳ್ಳುತ್ತಾರೆ?

ಎದ್ದು ಚಪ್ಪಲಿ ಮೆಟ್ಟಿದರು. "ನಡಿ. ನಾನೂ ಬರ್ತೇನಿ."


ಸೆಪ್ಟೆಂಬರ್ 7, ಸಂಜೆ 5

ಹೊರಗೆ ಗಣಪತಿ ತರುವವರ ಹಲಗೆ ಬಡಿತ. ಕಿವಿ ಗಡಚಿಕ್ಕುತ್ತಿದೆ. ಬರೆಯುತ್ತೇನೆ.

ಆಯಿ ನಾಳಿನ ಪೂಜೆಗೆ ಅಕ್ಕಿ ಆರಿಸುತ್ತಿದ್ದರು. ನಾನೇ ಹೇಳಿದೆ, ಮಾವನವರನ್ನು ಮಾತಾಡಲು ಬಿಡಲಿಲ್ಲ. ಬಳ್ಳೊಳ್ಳಿ ಬಿದ್ದದ್ದು ಖರೆ. ಅವತ್ತು ನಿಮ್ಮ ಡಬ್ಬಿಯಲ್ಲೂ ಬಂದದ್ದು ಖರೆ. ನನ್ನ ಆಣೆ ಸುಳ್ಳು. ಗೊತ್ತಿಲ್ಲದೆ ಮಾಡಿದ್ದು, ಆದರೂ ಸುಳ್ಳು.

ಆಯಿಯ ಬೆರಳು ಮೊರದಲ್ಲಿ ನಿಂತವು. ಅಳುತ್ತಾರೆ ಅಂದುಕೊಂಡೆ. ಇಲ್ಲ. ಸಿಟ್ಟು. ಆ ಮುಖದಲ್ಲಿ ಸಿಟ್ಟು ನಾನು ಯಾವತ್ತೂ ನೋಡಿರಲಿಲ್ಲ.

"ನನ್ನ ಪ್ರಾಯಶ್ಚಿತ್ತ ನಾ ಮಾಡ್ಕೋತೇನಿ. ಮಹಾರಾಜರನ್ನ ಕೇಳಿ ಮಾಡ್ಕೋತೇನಿ. ನೀ ಬಂದ ಹೇಳಿದಿ, ಅದಕ್ಕ ಮಾಡ್ಕೊಳ್ಳಾಕ ಬರ್ತೈತಿ." ಮೊರ ಬದಿಗೆ ಸರಿಸಿದರು. "ಬಸ್ಸಿನ್ಯಾಗ ಬಂದಿದ್ರಲ್ಲ, ಅವರಿಗೆ ಯಾರ ಹೇಳ್ಯಾರ?"

ಮಾವನವರೂ ನನ್ನ ಮುಖ ನೋಡಿದರು.

ಸಾಂಗ್ಲಿಯ ಮಂದಿ. ಹೆಸರು ಗೊತ್ತಿಲ್ಲ, ಓಣಿ ಗೊತ್ತಿಲ್ಲ. ಅವರಲ್ಲಿ ಎಷ್ಟು ಜನ ಇಂದ್ರವ್ವಂದಿರೋ. ನಮ್ಮನ್ನು ಅವರು ಕಂಡದ್ದು ಆ ಗೈಡಿನಲ್ಲಿ. ಈಗಲೂ ಅದನ್ನೇ ನೋಡುತ್ತಾರೆ. ಅದರಲ್ಲಿ ಈಗ ನನ್ನ ಮಾತೇ ಇದೆ — ಎಂದೂ ಬಳಸಿಲ್ಲ.

ಮನೆಗೆ ಬಂದು ಸದಾಶಿವನಿಗೆ ಫೋನ್ ಹಚ್ಚಿದೆ. ತಿದ್ದಿದ್ದನ್ನು ಮತ್ತೆ ತಿದ್ದಬೇಕು ಅಂದೆ. ಯಾಕೆ ಅಂತಲೂ ಹೇಳಿದೆ. ಅರಿಹಂತ ಬಂದು ಫೋನ್ ಕಸಿಯಲು ನೋಡಿದ. ಮಾವನವರು ನಡುವೆ ನಿಂತರು.

"ಅಕ್ಕಾರ, ಹಂಗ ಬರದ್ರ ನಿಮ್ಮನ್ನ ಲಿಸ್ಟಿನ್ಯಾಗ ಇಡಾಕ ಬರೂದಿಲ್ರಿ. ತೆಗೀಬೇಕಾಕ್ಕೈತಿ. ವಿಚಾರ ಮಾಡ್ರಿ. ನನಗ ಹೇಳಿಲ್ಲಂತ ತಿಳೀತೇನಿ, ಬೇಕಾದ್ರ."

"ತೆಗೀರಿ. ನಾಳಿಗೆ ತೆಗೀರಿ. ಇವತ್ತ ಇದನ್ನ ಹಾಕ್ರಿ. ಪೆನ್ ಐತೇನ್ರಿ?"

ಆ ಕಡೆ ಹಾಳೆ ತಿರುವಿದ ಸದ್ದು. ಆಮೇಲೆ ಹೂಂ ಅಂದ.

"ಬರಕೋರಿ. ಜುಲೈ ಹದಿನಾಕ, ರವಿವಾರ, ಹುಕ್ಕೇರಿ ಸೀತಾಬಾಯಿ ಖಾನಾವಳ್ಯಾಗ ಮಧ್ಯಾಹ್ನ ಊಟಾ ಮಾಡಿದವರಿಗೆಲ್ಲ ತಿಳಿಸೂದು ಏನಂದ್ರ, ಅವತ್ತಿನ ಬ್ಯಾಳ್ಯಾಗ—"